ಹಳೆಯ ಮನೆಯಲ್ಲಿ ರಾತ್ರಿ ಕಾವಲು ಕೂರಲು ಯಾವ ಥರ್ಮಲ್ ಕ್ಯಾಮೆರಾ ಕೊಳ್ಳಬೇಕು?

ಹುಣಸೆಮರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಹಳೆಯ ಹೆಂಚಿನ ಮನೆಯಿದೆ. ಅಜ್ಜಿ ತೀರಿಕೊಂಡ ಮೇಲೆ ಅಲ್ಲಿ ಯಾರೂ ಕಾಯಂ ಆಗಿ ಇಲ್ಲ. ಅಡಿಕೆ ಕೊಯ್ಲಿಗೆ, ಹಬ್ಬಕ್ಕೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇವೆ. ನಡುಮನೆಯ ಉತ್ತರದ ಗೋಡೆಯ ಬಳಿ ಮಲಗಿದರೆ ರಾತ್ರಿ ತಣ್ಣನೆಯದೇನೋ ಮೈಗೆ ತಾಕುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಆ ಜಾಗದಲ್ಲಿ ಮಕ್ಕಳನ್ನು ಮಲಗಿಸಲು ಬಿಡುತ್ತಿರಲಿಲ್ಲ. ಕಳೆದ ಡಿಸೆಂಬರ್‌ನಲ್ಲಿ ನಾನೇ ಅಲ್ಲಿ ಚಾಪೆ ಹಾಸಿ ಮಲಗಿ ನೋಡಿದೆ. ಮೈ ತಣ್ಣಗಾದದ್ದು ನಿಜ. ಒಂದು ಗಂಟೆಯ ಮೇಲೆ ಅಟ್ಟದಲ್ಲಿ ಯಾರೋ ಭಾರವಾಗಿ ನಡೆದು, ನಿಂತು, ಮತ್ತೆ ನಡೆದ ಸದ್ದೂ ಕೇಳಿಸಿತು.

ಅದು ಭೂತ ಎಂದು ನಾನು ತೀರ್ಮಾನಿಸಿಲ್ಲ, ಭೂತವೇ ಇಲ್ಲ ಎಂದು ಹೇಳುವ ಧೈರ್ಯವೂ ಇಲ್ಲ. ಆದರೆ ಅಜ್ಜಿ ಐವತ್ತು ವರ್ಷ ಹೇಳಿದ ಮಾತನ್ನು ನೋಡದೆಯೇ ತಳ್ಳಿಹಾಕಲು ಮನಸ್ಸು ಒಪ್ಪುತ್ತಿಲ್ಲ. ಗೆಳೆಯರಿಬ್ಬರ ಜೊತೆ ಸೇರಿ ಸುಮಾರು 30 ಸಾವಿರ ರೂಪಾಯಿ ಕೂಡಿಸಿದ್ದೇನೆ. ಮೊಬೈಲ್‌ಗೆ ಸಿಕ್ಕಿಸುವ ಕ್ಯಾಮೆರಾ ಸಾಕೇ, ಅಥವಾ ಕೈಯಲ್ಲಿ ಹಿಡಿಯುವ ಪ್ರತ್ಯೇಕ ಉಪಕರಣವೇ ಬೇಕೇ? ವಿಡಿಯೊಗಳಲ್ಲಿ ಕತ್ತಲೆಯ ಕೋಣೆಯಲ್ಲಿ ನೀಲಿ ಆಕೃತಿ ನಿಂತದ್ದನ್ನು ತೋರಿಸುತ್ತಾರಲ್ಲ, ಅದು ಯಾವ ದರ್ಜೆಯ ಕ್ಯಾಮೆರಾದಲ್ಲಿ ಸಿಗುತ್ತದೆ?

ಸಬ್‌ಸ್ಟೇಷನ್ ಪಾಳಿ

ನಾನು ವಿದ್ಯುತ್ ನಿರ್ವಹಣೆಯಲ್ಲಿದ್ದೇನೆ. ಹನ್ನೆರಡು ವರ್ಷಗಳಿಂದ ಇದೇ ಕ್ಯಾಮೆರಾ ಹಿಡಿದು ಯಾವ ಜೋಡಣೆ ಸಡಿಲವಾಗಿ ಕಾಯುತ್ತಿದೆ ಎಂದು ಹುಡುಕುತ್ತೇನೆ. ನಮ್ಮಲ್ಲಿ ಇದನ್ನು ಥರ್ಮೋವಿಷನ್ ಎನ್ನುತ್ತೇವೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು ಮನಸ್ಸಿಗೆ ಹೋಗಲಿ. ಈ ಕ್ಯಾಮೆರಾ ಗಾಳಿಯನ್ನು ನೋಡುವುದಿಲ್ಲ. ವಸ್ತುವಿನ ಮೇಲ್ಮೈಯಿಂದ ಹೊರಡುವ ಶಾಖದ ಕಿರಣಗಳನ್ನು, ಹೆಚ್ಚುಕಡಿಮೆ 8ರಿಂದ 14 ಮೈಕ್ರೋಮೀಟರ್ ಅಲೆಯುದ್ದದವನ್ನು ಮಾತ್ರ ನೋಡುತ್ತದೆ. ನಡುಮನೆಯ ಮಧ್ಯದಲ್ಲಿ ತಣ್ಣನೆಯ ಗಾಳಿಯ ಮುದ್ದೆಯೊಂದು ನಿಂತಿದ್ದರೂ ಕ್ಯಾಮೆರಾ ಅದನ್ನು ದಾಟಿ ಹಿಂದಿನ ಗೋಡೆಯನ್ನೇ ತೋರಿಸುತ್ತದೆ. ‘ಇಲ್ಲಿ ತಣ್ಣಗಿದೆ’ ಎಂಬ ಅನುಭವವನ್ನು ಅಳೆಯಬೇಕಾದರೆ ಕೆಲವು ನೂರು ರೂಪಾಯಿಯ ಡಿಜಿಟಲ್ ತಾಪಮಾಪಕಗಳನ್ನು ನಾಲ್ಕೈದು ಕಡೆ ತೂಗುಹಾಕಿ. 30 ಸಾವಿರದಲ್ಲಿ ಆ ಹಣವನ್ನು ಮೊದಲೇ ತೆಗೆದಿಡಿ.

ಇನ್ನು ಕ್ಯಾಮೆರಾ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆಯನ್ನು ನಂಬಬೇಡಿ, ಅದು ಹಲವೊಮ್ಮೆ ಪರದೆಯದು ಅಥವಾ ಆ್ಯಪ್ ಹಿಗ್ಗಿಸಿದ ಚಿತ್ರದ್ದು. ಶಾಖವನ್ನು ಗ್ರಹಿಸುವ ಸಂವೇದಕದಲ್ಲಿ ಅಡ್ಡಕ್ಕೆ, ಉದ್ದಕ್ಕೆ ಎಷ್ಟು ಚುಕ್ಕೆಗಳಿವೆ ಎಂದು ಕೇಳಿ. 80×60 ಇದ್ದರೆ 5 ಮೀಟರ್ ದೂರದ ಗೋಡೆಯಲ್ಲಿ ಒಂದೊಂದು ಚುಕ್ಕೆಯೂ ಸುಮಾರು 7 ಸೆಂಟಿಮೀಟರ್ ಅಗಲವನ್ನು ಆವರಿಸುತ್ತದೆ. ಮನುಷ್ಯನ ಮುಖ ಎರಡು ಚುಕ್ಕೆ. ಅಷ್ಟು ಒರಟು ಚಿತ್ರದಲ್ಲಿ ಬೆಕ್ಕು, ದಿಂಬು, ಹಂಡೆ ಎಲ್ಲವೂ ಒಂದೇ ಆಕೃತಿ. 256×192 ಇದ್ದು, 56 ಡಿಗ್ರಿಯಷ್ಟು ನೋಟವಿದ್ದರೆ ಅದೇ ದೂರದಲ್ಲಿ ಚುಕ್ಕೆಗೆ ಸುಮಾರು 2 ಸೆಂಟಿಮೀಟರ್. ಮನೆಯ ಒಳಗಿನ ಕೆಲಸಕ್ಕೆ ಇದು ಧಾರಾಳ. ಇನ್ಫಿರೇ ಪಿ2 ಪ್ರೊ, ಟಾಪ್‌ಡನ್ ಟಿಸಿ001 ಎರಡೂ ಈ ದರ್ಜೆಯವು. ಫ್ಲಿರ್ ಒನ್ ಪ್ರೊ ಸಂವೇದಕ 160×120, ಸೀಕ್ ಕಾಂಪ್ಯಾಕ್ಟ್ ಪ್ರೊ 320×240.

ಎರಡನೆಯದು ಸೂಕ್ಷ್ಮತೆ. ಮಿಲಿಕೆಲ್ವಿನ್‌ನಲ್ಲಿ ಹೇಳುತ್ತಾರೆ, ಕಡಿಮೆಯಿದ್ದಷ್ಟೂ ಒಳ್ಳೆಯದು. 50 ಅಥವಾ ಅದಕ್ಕಿಂತ ಕೆಳಗಿರಲಿ. ಅಂದರೆ ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಭಾಗದ ವ್ಯತ್ಯಾಸವನ್ನೂ ಗುರುತಿಸುತ್ತದೆ. ಆದರೆ ಇದನ್ನು ನಿಖರತೆ ಎಂದುಕೊಳ್ಳಬೇಡಿ. ‘ಗೋಡೆ 21.4 ಡಿಗ್ರಿ’ ಎಂದು ಅದು ತೋರಿಸಿದರೆ ನಿಜವಾದ ಬಿಸಿ ಎರಡು ಡಿಗ್ರಿ ಆಚೀಚೆ ಇರಬಹುದು. ಪಕ್ಕಪಕ್ಕದ ಎರಡು ಜಾಗಗಳ ನಡುವಿನ ಅಂತರವನ್ನು ನಂಬಿ, ಒಂಟಿ ಸಂಖ್ಯೆಯನ್ನು ನಂಬಬೇಡಿ.

ಮೂರನೆಯದನ್ನು ಅಂಗಡಿಯವರು ಹೇಳುವುದೇ ಇಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಬಣ್ಣದ ಅಳತೆಪಟ್ಟಿಯನ್ನು ಕೈಯಿಂದ ನಿಲ್ಲಿಸಲು ಬರಬೇಕು. ಎಲ್ಲ ಕ್ಯಾಮೆರಾಗಳೂ ತಾವಾಗಿಯೇ ಎದುರಿನ ಅತಿ ತಂಪಿಗೆ ಕಡುನೀಲಿ, ಅತಿ ಬಿಸಿಗೆ ಬಿಳಿ ಬಣ್ಣ ಹಚ್ಚುತ್ತವೆ. ಇಡೀ ಕೋಣೆಯಲ್ಲಿ ಒಂದೂವರೆ ಡಿಗ್ರಿ ವ್ಯತ್ಯಾಸವಿದ್ದರೂ ಅದನ್ನೇ ಎಳೆದು ಪೂರ್ತಿ ಕಾಮನಬಿಲ್ಲು ಮಾಡಿಬಿಡುತ್ತವೆ. ನೀವು ನೋಡಿದ ನೀಲಿ ಆಕೃತಿಗಳಲ್ಲಿ ಬಹುಪಾಲು ಹೀಗೆ ಹುಟ್ಟಿದವು ಎಂದು ನನ್ನ ಅಭಿಪ್ರಾಯ. 15ರಿಂದ 35 ಡಿಗ್ರಿ ಎಂದು ಪಟ್ಟಿಯನ್ನು ಗಟ್ಟಿಮಾಡಿ ಅದೇ ದೃಶ್ಯವನ್ನು ನೋಡಿ, ಹೆಚ್ಚಿನವು ಮಾಯವಾಗುತ್ತವೆ. ಚಿತ್ರದ ಜೊತೆ ಪ್ರತಿ ಚುಕ್ಕೆಯ ತಾಪಮಾನವನ್ನೂ ಉಳಿಸುವ ಸೌಲಭ್ಯ ಇರಲಿ. ಬರೀ ಬಣ್ಣದ ಚಿತ್ರ ಉಳಿದರೆ ಆಮೇಲೆ ಏನನ್ನೂ ಪರಿಶೀಲಿಸಲಾಗದು.

ಹುಣಸೆಮರ

ತುಂಬ ಉಪಕಾರವಾಯಿತು ಸರ್. ಎರಡು ಸಂದೇಹ. ಕೆಲವದರಲ್ಲಿ 9 ಹರ್ಟ್ಸ್, ಕೆಲವದರಲ್ಲಿ 25 ಹರ್ಟ್ಸ್ ಎಂದಿದೆ. ದುಬಾರಿಯದಕ್ಕೂ 9 ಏಕೆ? ಇನ್ನೊಂದು, ಕ್ಯಾಮೆರಾ ಮಧ್ಯೆ ಮಧ್ಯೆ ತಾನಾಗಿ ‘ಟಕ್’ ಎನ್ನುತ್ತದೆ ಎಂದು ಓದಿದೆ.

ಸಬ್‌ಸ್ಟೇಷನ್ ಪಾಳಿ

ಥರ್ಮಲ್ ಕ್ಯಾಮೆರಾ ಸೇನೆಯ ಉಪಕರಣವೂ ಹೌದಲ್ಲವೇ? ಸೆಕೆಂಡಿಗೆ 9ಕ್ಕಿಂತ ಹೆಚ್ಚು ಚಿತ್ರ ಕೊಡುವವಕ್ಕೆ ಅಮೆರಿಕದಂಥ ದೇಶಗಳ ರಫ್ತು ನಿಯಮ ಬಿಗಿಯಾಗಿದೆ. ಅದಕ್ಕೇ ಆ ಕಂಪನಿಗಳು ಸಾಮಾನ್ಯ ಗ್ರಾಹಕರಿಗೆ ಮಾರುವವನ್ನು 9ರ ಕೆಳಗೆ ಇಡುತ್ತವೆ. ನಿಂತ ಗೋಡೆಗೆ ಅದು ಸಾಕು. ಓಡುವ ಪ್ರಾಣಿಗಾದರೆ 25 ಹಿತ.

‘ಟಕ್’ ಎನ್ನುವುದು ಒಳಗಿನ ಚಿಕ್ಕ ಮುಚ್ಚಳ. ಸಂವೇದಕದ ಮುಂದೆ ಒಂದು ಕ್ಷಣ ಅಡ್ಡ ಬಂದು ಎಲ್ಲ ಚುಕ್ಕೆಗಳನ್ನೂ ಸಮಮಾಡುತ್ತದೆ, ಆಗ ಚಿತ್ರ ಕ್ಷಣಕಾಲ ನಿಲ್ಲುತ್ತದೆ. ರಾತ್ರಿಯ ಮೌನದಲ್ಲಿ ಧ್ವನಿಮುದ್ರಣ ಮಾಡುವವರು ಈ ಸದ್ದನ್ನು ಮೊದಲೇ ಗುರುತಿಟ್ಟುಕೊಳ್ಳಬೇಕು. ಕ್ಯಾಮೆರಾ ಹಚ್ಚಿ ಹತ್ತು ನಿಮಿಷವಾದ ಮೇಲೆಯೇ ಅಳತೆ ಶುರುಮಾಡಿ, ಅದು ತಾನೇ ಬೆಚ್ಚಗಾಗುವವರೆಗೆ ಸಂಖ್ಯೆಗಳು ಜಾರುತ್ತಿರುತ್ತವೆ.

ಕರಾವಳಿ ಗಾಳಿ

ನಾನು ನಂಬುವವಳು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಸತ್ತವರಿಗೆ ಎಡೆ ಇಡುವಾಗ ಅವರು ಬಂದು ಹೋದರು ಎಂದು ನನಗೆ ಅನಿಸಿದ್ದಿದೆ. ಆದರೆ ನನ್ನ ಪ್ರಶ್ನೆ ಬೇರೆ. ಸತ್ತವರಿಗೆ ಬಿಸಿ ಅಥವಾ ತಂಪು ಇರುತ್ತದೆ ಎಂದು ಹೇಳಿದವರು ಯಾರು? ಕ್ಯಾಮೆರಾದಲ್ಲಿ ಏನೂ ಕಾಣದಿದ್ದರೆ ‘ಇಲ್ಲ’ ಎಂದೂ, ನೀಲಿ ಕಂಡರೆ ‘ಇದೆ’ ಎಂದೂ ಬರೆಯುವುದು ಎರಡೂ ಅವಸರ. ಅದು ಗೋಡೆಯ ಕಥೆಯನ್ನು ಹೇಳುತ್ತದೆ, ಅಷ್ಟೇ.

ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ. ಇಂಥ ಕ್ಯಾಮೆರಾ ಹಿಡಿದುಕೊಂಡು ನಮ್ಮ ಕಡೆಯ ದೈವಸ್ಥಾನಗಳಿಗೆ ಹೋಗಬೇಡಿ. ತುಳುನಾಡಿನಲ್ಲಿ ಭೂತ ಎಂದರೆ ದೆವ್ವವಲ್ಲ, ಆರಾಧನೆ ಪಡೆಯುವ ದೈವ. ಆ ಹೆಸರನ್ನು ಕೇಳಿ ಹೊರಗಿನವರು ರಾತ್ರಿ ಬನದೊಳಗೆ ನುಗ್ಗಿದರೆ ಊರಿನವರ ಮನಸ್ಸು ನೋಯುತ್ತದೆ.

ಹುಣಸೆಮರ

ಅಕ್ಕ, ನಿಮ್ಮ ಮಾತು ಸರಿ. ನಮ್ಮ ಮನೆ ಬಿಟ್ಟು ಎಲ್ಲಿಗೂ ಹೋಗುವ ಯೋಚನೆ ಇಲ್ಲ. ಕ್ಯಾಮೆರಾ ಏನನ್ನು ಹೇಳಲಾರದು ಎಂಬುದನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಕವೆಂಟ್ರಿ ಕನ್ನಡಿಗ

ಇಂಗ್ಲೆಂಡಿನಲ್ಲಿ ಇದು ದೊಡ್ಡ ಹವ್ಯಾಸ. ನಾನೂ ಇಲ್ಲಿಯ ಒಂದು ಸಣ್ಣ ಗುಂಪಿನ ಜೊತೆ ಹಳೆಯ ಕಟ್ಟಡಗಳಲ್ಲಿ ರಾತ್ರಿ ಕಳೆದಿದ್ದೇನೆ. ಇಲ್ಲಿಯವರಿಗೆ ಈ ಗೀಳು ಹೊಸದಲ್ಲ. 1937ರಲ್ಲಿ ಹ್ಯಾರಿ ಪ್ರೈಸ್ ಎಂಬವರು ಬೋರ್ಲಿ ರೆಕ್ಟರಿ ಎಂಬ ಮನೆಯನ್ನು ಒಂದು ವರ್ಷಕ್ಕೆ ಬಾಡಿಗೆ ಹಿಡಿದು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು 48 ಸ್ವಯಂಸೇವಕರನ್ನು ಸೇರಿಸಿದರು. ಏನನ್ನು ಹೇಗೆ ಗಮನಿಸಬೇಕು ಎಂದು ಅಚ್ಚುಮಾಡಿದ ಸೂಚನೆಗಳ ಪುಸ್ತಿಕೆಯನ್ನೂ ಕೊಟ್ಟರು. ಆಮೇಲೆ, 1956ರಲ್ಲಿ, ಮೂವರು ಸಂಶೋಧಕರು ಆ ಇಡೀ ಪ್ರಕರಣವನ್ನು ಮತ್ತೆ ಪರಿಶೀಲಿಸಿ ಪ್ರೈಸ್ ಅವರ ಮೇಲೆಯೇ ಕಟುವಾದ ಆಕ್ಷೇಪಗಳನ್ನು ಎತ್ತಿದರು. ಅದಕ್ಕೇ ನಮ್ಮ ಗುಂಪಿನಲ್ಲಿ ಒಂದು ಕಟ್ಟುನಿಟ್ಟು: ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಅದೇ ರಾತ್ರಿ ಅಳೆಯಬೇಕು, ಮೊದಲಿನವರ ಟಿಪ್ಪಣಿಯನ್ನು ನೋಡದೆ.

ನಾನಿರುವ ಕಡೆಯದೇ ಒಂದು ಕಥೆ ಹೇಳಲೇಬೇಕು. ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಎಲ್ಲರಿಗೂ ಕಾರಣವಿಲ್ಲದ ಭಯ. ಒಂದು ರಾತ್ರಿ ಅವರಿಗೇ ಕಣ್ಣಂಚಿನಲ್ಲಿ ಬೂದು ಆಕೃತಿ ಕಂಡಿತು. ಮರುದಿನ ಕತ್ತಿವರಸೆಯ ಆಟದ ತೆಳ್ಳನೆಯ ಕತ್ತಿಯನ್ನು ವೈಸ್‌ಗೆ ಬಿಗಿದಿಟ್ಟಾಗ ಅದು ತಾನಾಗಿ ನಡುಗತೊಡಗಿತು. ಹುಡುಕಿದಾಗ ಹೊಸದಾಗಿ ಹಾಕಿದ ಗಾಳಿ ಹೊರದೂಡುವ ಫ್ಯಾನ್ ಸೆಕೆಂಡಿಗೆ ಸುಮಾರು 19 ಸಲ ಕಂಪಿಸುವ, ಕಿವಿಗೆ ಕೇಳಿಸದ ಸದ್ದನ್ನು ಕೋಣೆಯಲ್ಲಿ ತುಂಬುತ್ತಿತ್ತು. 1998ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಎಲ್ಲ ಮನೆಗೂ ಇದೇ ಉತ್ತರ ಎಂದು ನಾನು ಹೇಳುತ್ತಿಲ್ಲ. ಹೆದರಿದ ಮನುಷ್ಯ ಮರುದಿನ ಅದೇ ಕೋಣೆಗೆ ಹೋಗಿ ಕಾರಣ ಹುಡುಕಿದನಲ್ಲ, ಅದು ನನಗೆ ಇಷ್ಟ.

ಕ್ಯಾಮೆರಾದ ವಿಷಯದಲ್ಲಿ ನನ್ನ ಅನುಭವದ ಎರಡು ಮಾತು. ಸಾಮಾನ್ಯ ಗಾಜು ಈ ಕಿರಣಗಳನ್ನು ದಾಟಿಸುವುದಿಲ್ಲ, ಅದಕ್ಕೇ ಈ ಕ್ಯಾಮೆರಾಗಳ ಮಸೂರ ಅವನ್ನು ದಾಟಿಸುವ ಜರ್ಮೇನಿಯಂನಂಥ ವಸ್ತುವಿನದು. ಕಿಟಕಿಯ ಗಾಜಿನಲ್ಲಿ ನಿಂತ ಬೆಚ್ಚನೆಯ ಮನುಷ್ಯ ಎಂದರೆ ನೀವೇ. ಪ್ರತಿಫಲನ. ಪಾಲಿಷ್ ಮಾಡಿದ ಗ್ರಾನೈಟ್, ಟೈಲ್ಸ್, ಹಿತ್ತಾಳೆಯ ಹಂಡೆ ಎಲ್ಲವೂ ಹೀಗೆ ಮೋಸ ಮಾಡುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ: ಆಕೃತಿಯೂ ಸರಿದರೆ ಅದು ಪ್ರತಿಬಿಂಬ. ಎರಡನೆಯದು, ಫ್ಲಿರ್‌ನಲ್ಲಿ ಎಂಎಸ್‌ಎಕ್ಸ್ ಎಂಬ ಸೌಲಭ್ಯವಿದೆ. ಸಾಮಾನ್ಯ ಕ್ಯಾಮೆರಾದಲ್ಲಿ ಕಂಡ ಗೆರೆಗಳನ್ನು ಶಾಖದ ಚಿತ್ರದ ಮೇಲೆ ಬರೆಯುತ್ತದೆ. ಕೊಳಾಯಿ ರಿಪೇರಿಗೆ ಬಹಳ ಒಳ್ಳೆಯದು. ನಿಮ್ಮ ಕೆಲಸಕ್ಕೆ ಅದನ್ನು ಆರಿಸಿಡಿ. ಹತ್ತಿರದ ವಸ್ತುಗಳಲ್ಲಿ ಎರಡು ಮಸೂರಗಳ ನೋಟ ಹೊಂದದೆ ಗೆರೆ ಒಂದು ಕಡೆ, ಶಾಖ ಇನ್ನೊಂದು ಕಡೆ ಬೀಳುತ್ತದೆ.

ಕಾಡುದಾರಿ

ಅಟ್ಟದಲ್ಲಿ ‘ಭಾರವಾಗಿ ನಡೆದು, ನಿಂತು, ಮತ್ತೆ ನಡೆದ’ ಎಂದು ಓದಿದ ಕೂಡಲೇ ನನಗೆ ನೆನಪಾದದ್ದು ಪುನುಗು ಬೆಕ್ಕು. ಯಾರೂ ಇಲ್ಲದ ಹೆಂಚಿನ ಮನೆ, ಪಕ್ಕದಲ್ಲಿ ತೋಟ, ಹಣ್ಣು. ಅದಕ್ಕೆ ಇನ್ನೇನು ಬೇಕು? ಅದರ ನಡಿಗೆಯ ಸದ್ದು ಕೆಳಗಿನ ಮರದ ಹಲಗೆಯಲ್ಲಿ ಮನುಷ್ಯನದರಷ್ಟೇ ದೊಡ್ಡದಾಗಿ ಕೇಳಿಸುತ್ತದೆ. ಗೂಬೆಯೂ ಇರಬಹುದು. ಎರಡೂ ಬಿಸಿರಕ್ತದವು, ಕ್ಯಾಮೆರಾದಲ್ಲಿ ಕೆಂಡದ ಹಾಗೆ ಹೊಳೆಯುತ್ತವೆ.

ಆದರೆ ನಾನು ಇಲ್ಲಿ ಬರೆಯಲು ಬಂದದ್ದು ಹಾವಿನ ಬಗ್ಗೆ. ದಯವಿಟ್ಟು ಇದನ್ನು ಎಲ್ಲರೂ ಓದಿ. ಹಾವಿನ ಮೈ ಸುತ್ತಲಿನ ನೆಲದಷ್ಟೇ ಬಿಸಿ ಅಥವಾ ತಂಪಾಗಿರುತ್ತದೆ. ಥರ್ಮಲ್ ಕ್ಯಾಮೆರಾದಲ್ಲಿ ನಾಗರಹಾವು ನೆಲದೊಳಗೆ ಕರಗಿಹೋಗುತ್ತದೆ. ಪರದೆಯಲ್ಲಿ ಎಲ್ಲವೂ ಖಾಲಿ ಎಂದು ನಂಬಿ ಕತ್ತಲೆಯಲ್ಲಿ ಕಾಲಿಟ್ಟರೆ ಅನಾಹುತ. ನಡೆಯುವಾಗ ಟಾರ್ಚ್ ಹಚ್ಚಿ, ನಿಂತ ಮೇಲೆ ಆರಿಸಿ ಕ್ಯಾಮೆರಾ ನೋಡಿ. ಕಾಲಿಗೆ ಗಂಬೂಟು ಇರಲಿ. (ನಮ್ಮ ಮಲೆನಾಡಿನ ಗುಳಿಮಂಡಲ ಹಾವುಗಳಿಗೆ ಕಣ್ಣು, ಮೂಗಿನ ನಡುವೆ ಶಾಖವನ್ನು ಗ್ರಹಿಸುವ ಗುಳಿ ಇದೆ. ನಿಮಗೆ ಅದು ಕಾಣದಿದ್ದರೂ ಅದಕ್ಕೆ ನೀವು ಚೆನ್ನಾಗಿ ಕಾಣುತ್ತೀರಿ.)

ಮನೆಯ ಹಿಂದೆ ಕಾಡಿದ್ದರೆ ಅನುಮತಿಯಿಲ್ಲದೆ ರಾತ್ರಿ ಅದರೊಳಗೆ ಹೋಗಬೇಡಿ. ಕೈಯಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದವರನ್ನು ಅರಣ್ಯ ಸಿಬ್ಬಂದಿ ಬೇಟೆಗಾರರು ಎಂದು ಸಂಶಯಿಸಿದರೆ ಅದು ಅವರ ತಪ್ಪಲ್ಲ.

ನಿವೃತ್ತ ಮೇಷ್ಟ್ರು

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಒಂದು ಸಮಿತಿ ರಚಿಸಿದ್ದರು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಶಿಕ್ಷಕರ ಕೋಣೆಯಲ್ಲಿ ಅದರದೇ ವಾದ. ಈಗ ನಿಮ್ಮಂಥ ಹುಡುಗರು ಸ್ವಂತ ಹಣದಲ್ಲಿ, ಸ್ವಂತ ಮನೆಯಲ್ಲಿ ಪರಿಶೀಲಿಸಲು ಹೊರಟದ್ದು ನೋಡಿ ಸಂತೋಷವಾಯಿತು.

ಒಂದೇ ಎಚ್ಚರಿಕೆ. ಚಳಿಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಬಾಗಿಲು ಮುಚ್ಚಿ ಕೂರಬೇಡಿ. ಇದ್ದಿಲಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮೊದಲು ತಲೆನೋವು, ಭ್ರಮೆ ತರುತ್ತದೆ, ಆಮೇಲೆ ಜೀವವನ್ನೇ ತೆಗೆಯುತ್ತದೆ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯರೊಬ್ಬರು ಒಂದು ಕುಟುಂಬದ ವಿವರ ಪ್ರಕಟಿಸಿದ್ದರು. ಮನೆಯಲ್ಲಿ ಹೆಜ್ಜೆ ಸಪ್ಪಳ, ಆಕೃತಿಗಳು. ಕೊನೆಗೆ ನೋಡಿದರೆ ಮನೆಯನ್ನು ಬೆಚ್ಚಗಿಡುವ ಕುಲುಮೆ ಕೆಟ್ಟು ಅದರ ಹೊಗೆ ಕೋಣೆಗಳೊಳಗೆ ಬರುತ್ತಿತ್ತು. ಕಂಬಳಿ ಹೊದ್ದುಕೊಳ್ಳಿ, ಫ್ಲಾಸ್ಕಿನಲ್ಲಿ ಕಾಫಿ ಒಯ್ಯಿರಿ.

ಹುಣಸೆಮರ (ಐದು ವಾರಗಳ ನಂತರ)

ಎಲ್ಲರಿಗೂ ಸುದ್ದಿ ಹೇಳಬೇಕು. 256×192 ಸಂವೇದಕದ, ಮೊಬೈಲ್‌ಗೆ ಸಿಕ್ಕಿಸುವ ಕ್ಯಾಮೆರಾವನ್ನೇ ತೆಗೆದುಕೊಂಡೆವು. ಒಂದು ವಾರ ಬಾಡಿಗೆ ಮನೆಯಲ್ಲೇ ಅಭ್ಯಾಸ ಮಾಡಿದೆವು. ಕುರ್ಚಿಯಿಂದ ಎದ್ದು ಹೋದ ಮೇಲೂ ಕೂತವರ ಗುರುತು ಕೆಲವು ನಿಮಿಷ ಉಳಿಯುವುದು, ಗೋಡೆಗೆ ಒತ್ತಿದ ಅಂಗೈ ಹೊಳೆಯುವುದು, ಒದ್ದೆ ಬಟ್ಟೆ ಕೋಣೆಗಿಂತ ತಣ್ಣಗೆ ಕಾಣುವುದು, ಎಲ್ಲವನ್ನೂ ನೋಡಿಕೊಂಡೆವು. ಅದನ್ನು ಮಾಡದೆ ಹೋಗಿದ್ದರೆ ಊರಿನಲ್ಲಿ ಮೊದಲ ಗಂಟೆಯಲ್ಲೇ ದಾರಿ ತಪ್ಪುತ್ತಿದ್ದೆವು.

ಊರಿನಲ್ಲಿ ಮೂರು ರಾತ್ರಿ ಇದ್ದೆವು. ಅಟ್ಟದ್ದು ಪುನುಗು ಬೆಕ್ಕೇ. ಮೊದಲ ರಾತ್ರಿ 12.50ಕ್ಕೆ ಹೆಂಚಿನ ಸಂದಿಯಿಂದ ಬಂತು, ತೊಲೆಯ ಮೇಲೆ ನಡೆಯಿತು, ನಮ್ಮ ಕಡೆ ನೋಡಿ ನಿಂತಿತು. ಪರದೆಯಲ್ಲಿ ಅದರ ಬಾಲದವರೆಗೆ ಸ್ಪಷ್ಟವಾಗಿತ್ತು.

ಉತ್ತರದ ಗೋಡೆಯ ವಿಷಯವೇ ಬೇರೆ. ಸಂಜೆ ಏಳಕ್ಕೆ ಏನೂ ಇರಲಿಲ್ಲ. ಹತ್ತು ಗಂಟೆಗೆ ಮಸುಕಾಗಿ ಏನೋ ಕಾಣಿಸಿತು. ಒಂದು ಗಂಟೆಗೆ ಕ್ಯಾಮೆರಾ ಎತ್ತಿದಾಗ ಗೋಡೆಯಲ್ಲಿ ಒಬ್ಬ ಮನುಷ್ಯನ ಎತ್ತರದ ಕಡುನೀಲಿ ಆಕೃತಿ ನಿಂತಿತ್ತು. ಮೇಲೆ ಗುಂಡಗೆ, ತಲೆ ಮತ್ತು ಹೆಗಲಿನ ಹಾಗೆ. ಗೆಳೆಯ ನನ್ನ ಕೈ ಹಿಡಿದುಕೊಂಡ. ಸುಳ್ಳೇಕೆ ಹೇಳಲಿ, ನನಗೂ ಬಾಯಿ ಒಣಗಿತು.

ಆಮೇಲೆ ನೀವೆಲ್ಲ ಬರೆದದ್ದನ್ನು ಒಂದೊಂದಾಗಿ ಮಾಡಿದೆವು. ಪಕ್ಕಕ್ಕೆ ಸರಿದೆವು, ಆಕೃತಿ ಅಲ್ಲೇ ಇತ್ತು, ಪ್ರತಿಬಿಂಬವಲ್ಲ. ಅಳತೆಪಟ್ಟಿಯನ್ನು 15ರಿಂದ 35ಕ್ಕೆ ನಿಲ್ಲಿಸಿದೆವು. ತೆಳ್ಳನೆಯ ನೆರಳಿನಷ್ಟಾಯಿತು, ಆದರೆ ಹೋಗಲಿಲ್ಲ. ಸುತ್ತಲಿನ ಗೋಡೆಗಿಂತ 1.3 ಡಿಗ್ರಿ ಕಡಿಮೆ. ಇಬ್ಬರು ಬೇರೆ ಬೇರೆಯಾಗಿ ಅಳೆದರೂ ಅಷ್ಟೇ. ಸೀಮೆಸುಣ್ಣದಿಂದ ಅದರ ಅಂಚನ್ನು ಗೋಡೆಯ ಮೇಲೆ ಬರೆದೆವು. ದೀಪ ಹಚ್ಚಿ ಟೇಪಿನಿಂದ ಅಳೆದಾಗ ಐದು ಅಡಿ ನಾಲ್ಕು ಅಂಗುಲ ಎತ್ತರ, ಎರಡೂವರೆ ಅಡಿ ಅಗಲ. ಗೆರೆಯ ಒಳಗೆ ಬೆರಳಿನಿಂದ ತಟ್ಟಿದರೆ ಒಂದು ಸದ್ದು, ಹೊರಗೆ ತಟ್ಟಿದರೆ ಇನ್ನೊಂದು. ಊದುಬತ್ತಿ ಹಚ್ಚಿ ಮೇಲಿನ ಅಂಚಿನ ಹತ್ತಿರ ಹಿಡಿದಾಗ ಹೊಗೆ ನಮ್ಮ ಕಡೆಗೆ ಬಾಗಿತು. ಅಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಅದರ ಕೆಳಗೆ ತೂಗುಹಾಕಿದ ತಾಪಮಾಪಕ ಕೋಣೆಯ ನಡುವಿನದಕ್ಕಿಂತ ಎರಡು ಡಿಗ್ರಿ ಕಡಿಮೆ ತೋರಿಸಿತು.

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ ಅಳತೆ ಹೇಳಿದೆ. ಸ್ವಲ್ಪ ಹೊತ್ತು ಅವರು ಏನೂ ಮಾತಾಡಲಿಲ್ಲ. ಆಮೇಲೆ ‘ಅದು ನಡುಬಾಗಿಲು’ ಎಂದರು. ನಾನು ಹುಟ್ಟುವ ಮೊದಲು ಅಪ್ಪ, ದೊಡ್ಡಪ್ಪ ಪಾಲಾದಾಗ ಒಂದೇ ಮನೆಯನ್ನು ಎರಡು ಮಾಡಿ ಆ ಬಾಗಿಲಿಗೆ ಗೋಡೆ ಕಟ್ಟಿದರಂತೆ. ಉಳಿದ ಗೋಡೆ ಜಂಬಿಟ್ಟಿಗೆಯದು, ಒಂದೂವರೆ ಅಡಿ ದಪ್ಪ. ಬಾಗಿಲಿಗೆ ತುಂಬಿಸಿದ್ದು ಒಂದು ಸಾಲು ಇಟ್ಟಿಗೆ. ಆಚೆಯ ಪಾಲಿನಲ್ಲಿ ಈಗ ಯಾರೂ ಇಲ್ಲ, ಹೆಂಚೂ ಕೆಲವು ಕಡೆ ಜಾರಿದೆ. ಅಜ್ಜಿಗೆ ಇದೆಲ್ಲ ಗೊತ್ತಿರಲೇಬೇಕು. ಆದರೂ ಅವರು ಬಾಗಿಲು ಎಂದು ಒಮ್ಮೆಯೂ ಹೇಳಲಿಲ್ಲ, ತಣ್ಣಗಿದೆ ಎಂದಷ್ಟೇ ಹೇಳಿದರು.

ಕರಾವಳಿ ಗಾಳಿ

ಓದಿ ಕಣ್ಣು ತುಂಬಿತು. ಇಬ್ಬರು ಮಕ್ಕಳ ನಡುವೆ ಎದ್ದ ಗೋಡೆಯ ಪಕ್ಕದಲ್ಲಿ ಅಷ್ಟು ವರ್ಷ ಮಲಗಿದ ತಾಯಿ ಅವರು.

ಸಬ್‌ಸ್ಟೇಷನ್ ಪಾಳಿ

ಬಹಳ ಅಚ್ಚುಕಟ್ಟಾದ ಕೆಲಸ. ತೆಳ್ಳನೆಯ ಇಟ್ಟಿಗೆ ಬೇಗ ತಣಿಯುತ್ತದೆ, ದಪ್ಪ ಜಂಬಿಟ್ಟಿಗೆ ಹಗಲಿನ ಶಾಖವನ್ನು ನಡುರಾತ್ರಿಯವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಏಳಕ್ಕೆ ಕಾಣದ್ದು ಒಂದಕ್ಕೆ ಕಂಡಿತು. ಶಾಖ ಅಂಚುಗಳಲ್ಲಿ ಅಕ್ಕಪಕ್ಕಕ್ಕೆ ಹರಿಯುವುದರಿಂದ ಬಾಗಿಲಿನ ಮೂಲೆಗಳು ಗುಂಡಗಾಗಿ ತಲೆ, ಹೆಗಲಿನ ಹಾಗೆ ಕಂಡಿರುತ್ತವೆ. ಹಳೆಯ ಕಟ್ಟಡಗಳಲ್ಲಿ ಮುಚ್ಚಿದ ಬಾಗಿಲು, ಕಿಟಕಿಗಳನ್ನು ಪತ್ತೆಮಾಡಲು ಪರಿಣತರೂ ಇದೇ ಉಪಾಯ ಬಳಸುತ್ತಾರೆ.

ಹುಣಸೆಮರ

ಆಚೆಯ ಪಾಲಿನಿಂದಲೂ ಅದೇ ಜಾಗದ ಚಿತ್ರ ತೆಗೆಯಬೇಕು ಎಂದಿದೆ. ದೊಡ್ಡಪ್ಪನ ಮಗ ಶಿವಮೊಗ್ಗದಲ್ಲಿದ್ದಾನೆ. ಹಬ್ಬಕ್ಕೆ ಶುಭಾಶಯ ಹೇಳುವುದು ಬಿಟ್ಟರೆ ನಮ್ಮಲ್ಲಿ ಮಾತು ಕಡಿಮೆ. ನಿನ್ನೆ ಅಣ್ಣನಿಗೆ ಆ ನೀಲಿ ಚಿತ್ರವನ್ನು ಕಳುಹಿಸಿ ವಿಷಯ ಬರೆದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ಬೀಗದ ಕೈ ತರುತ್ತಾನಂತೆ. ಬಾಗಿಲಿನ ಹಲಗೆ ಅವರ ಅಟ್ಟದಲ್ಲಿ ಇನ್ನೂ ಇದೆ ಎಂದು ದೊಡ್ಡಮ್ಮ ಹೇಳಿದರಂತೆ. ಆಚೆ ಕಡೆಯಿಂದ ತೆಗೆಯಲು ಯಾವ ಹೊತ್ತು ಒಳ್ಳೆಯದು ಸರ್?

ಸಬ್‌ಸ್ಟೇಷನ್ ಪಾಳಿ

ಒಳ್ಳೆಯ ಬಿಸಿಲು ಬಿದ್ದ ದಿನದ ರಾತ್ರಿ, ಹನ್ನೊಂದರ ಮೇಲೆ. ಮಳೆ ಬಂದಿದ್ದರೆ ಎರಡು ದಿನ ಬಿಡಿ, ಒದ್ದೆ ಗೋಡೆ ಬೇರೆಯೇ ಚಿತ್ರ ಕೊಡುತ್ತದೆ. ಎರಡೂ ಕಡೆ ಅಳತೆಪಟ್ಟಿ ಒಂದೇ ಇರಲಿ. ಹೆಂಚು ಜಾರಿದೆ ಎಂದಿರಲ್ಲ, ಆಚೆ ಕಾಲಿಡುವಾಗ ಟಾರ್ಚ್ ಮರೆಯಬೇಡಿ.